ಜರ್ಮನಿಗೆ ಹೊರಡುವ ಮುನ್ನ ತಾಯಿ ಕಾರ್ಡ್ ಬಿಡಿಸಿ ನೋಡಿ

ಇಲ್ಲಿ ಜರ್ಮನಿಯಲ್ಲಿ ಮಗುವಿಗೆ ಕಿಟಾ (ಶಾಲೆಗೆ ಮುಂಚಿನ ಶಿಶುವಿಹಾರ) ಸೀಟು ಸಿಗುವುದೇ ಕಷ್ಟ. ಸಿಕ್ಕಿದ ಮೇಲೂ ದಡಾರದ ಲಸಿಕೆ ಆಗಿದೆ ಅನ್ನುವುದಕ್ಕೆ ಪುರಾವೆ ಇಲ್ಲದಿದ್ದರೆ ಸೇರಿಸಿಕೊಳ್ಳುವುದಿಲ್ಲ. 2020ರ ಮಾರ್ಚ್ 1ರಿಂದ ಇದು ಕಾನೂನು. 1 ವರ್ಷ ತುಂಬಿದ ಮಗುವಿಗೆ ಒಂದು ಡೋಸ್, 2 ವರ್ಷ ತುಂಬಿದ್ದರೆ ಎರಡು ಡೋಸ್ ಆಗಿರಬೇಕು. ಶಾಲೆಗೂ ಇದೇ ನಿಯಮ, ಆದರೆ ಓದು ಕಡ್ಡಾಯವಾದ್ದರಿಂದ ಮಗುವನ್ನು ಹೊರಗೆ ಕಳಿಸುವುದಿಲ್ಲ, ವಿಷಯ ಇಲ್ಲಿನ ಆರೋಗ್ಯ ಕಚೇರಿಗೆ ಹೋಗಿ ಅಪ್ಪ ಅಮ್ಮನಿಗೆ 2,500 ಯೂರೋವರೆಗೆ ದಂಡ ಬೀಳಬಹುದು. ನರ್ಸ್ ಕೆಲಸಕ್ಕೆ ಬರುವವರೇ, 1970ರ ನಂತರ ಹುಟ್ಟಿದ್ದರೆ ನಿಮ್ಮ ದಾಖಲೆಯನ್ನೂ ಆಸ್ಪತ್ರೆ ಕೇಳುತ್ತದೆ.

ತೊಡಕು ಇರುವುದು ನಮ್ಮ ತಾಯಿ ಕಾರ್ಡಿನ ಚುಟುಕು ಬರಹದಲ್ಲಿ. ‘ಪೆಂಟಾ’ ಅಂದರೆ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ಹಿಬ್ (ಮಿದುಳುಜ್ವರ ತರಬಲ್ಲ ಸೋಂಕು) ಅಂತ ಇಲ್ಲಿನ ಡಾಕ್ಟರಿಗೆ ನೀವೇ ಬಿಡಿಸಿ ಹೇಳಬೇಕಾಗಬಹುದು. ಇಲ್ಲಿನ ಆರು ರೋಗದ ಚುಚ್ಚುಮದ್ದಿನಲ್ಲಿ ಪೋಲಿಯೊ ಕೂಡ ಸೇರಿದೆ, ನಮ್ಮ ಪೆಂಟಾದಲ್ಲಿ ಇಲ್ಲ, ಆದ್ದರಿಂದ ಪೋಲಿಯೊ ಸಾಲನ್ನು ಬೇರೆಯಾಗಿ ತೋರಿಸಿ. ಪಲ್ಸ್ ಪೋಲಿಯೊ ಭಾನುವಾರ ಬೆರಳಿಗೆ ಶಾಯಿ ಹಾಕಿ ಕುಡಿಸಿದ ಹನಿ ಸಾಮಾನ್ಯವಾಗಿ ಕಾರ್ಡಿಗೆ ಬಂದಿರುವುದಿಲ್ಲ, ಅದನ್ನು ನೆಚ್ಚಿಕೊಳ್ಳಬೇಡಿ. ‘ಎಂಆರ್’ ಅಂದರೆ ದಡಾರ, ರುಬೆಲ್ಲಾ ಲಸಿಕೆ, ಅದರಲ್ಲಿ ಮಂಗನಬಾವು ಇಲ್ಲ, ಆದರೆ ಕಾನೂನು ಕೇಳುವುದು ದಡಾರ ಮಾತ್ರ.

ಹೊರಡುವ ಮೊದಲೇ ಲಸಿಕೆ ಹಾಕಿಸಿದ ಕಡೆ ಹೋಗಿ ಪ್ರತಿ ಡೋಸಿನ ಹೆಸರು, ತಾರೀಖು, ಸಹಿ, ಸೀಲು ಇರುವ ಇಂಗ್ಲಿಷ್ ಪತ್ರ ಬರೆಸಿಕೊಳ್ಳಿ. ‘ಎಲ್ಲ ಲಸಿಕೆ ಆಗಿದೆ’ ಅಂತ ಒಂದೇ ಸಾಲಿನ ಪತ್ರ ಸುಮ್ನೆ ಕಾಗದ ಅಷ್ಟೇ. ನಮ್ಮ ಸರ್ಕಾರದ ಆನ್‌ಲೈನ್ ಲಸಿಕೆ ದಾಖಲೆ ಯು-ವಿನ್‌ನಲ್ಲಿ ದಾಖಲಾಗಿದ್ದರೆ ಆ ಸರ್ಟಿಫಿಕೇಟನ್ನೂ ಇಳಿಸಿಕೊಳ್ಳಿ. ಇಲ್ಲಿಗೆ ಬಂದ ಮೇಲೆ ಮಕ್ಕಳ ಡಾಕ್ಟರ ಹತ್ತಿರ ಮೊದಲ ಸಲ ಹೋದಾಗಲೇ ಎಲ್ಲವನ್ನೂ ಇಂಪ್ಫ್‌ಪಾಸ್‌ಗೆ (ಇಲ್ಲಿನ ಲಸಿಕೆ ಪುಸ್ತಕ) ಏರಿಸಿ ಕೊಡಿ ಅಂತ ಕೇಳಿ. ಅದು ಹಳದಿ ಪುಸ್ತಕ, ಮಕ್ಕಳ ತಪಾಸಣೆಯದ್ದೂ ಹಳದಿಯೇ, ಅದಲುಬದಲಾಗೋದು ಜಾಸ್ತಿ. ಹಳೆಯ ಕಾರ್ಡನ್ನು ಮಾತ್ರ ಬಿಸಾಡಬೇಡಿ.

ಕಾರ್ಡ್ ಕಳೆದೇ ಹೋಗಿದ್ದರೆ? ಬರಹದಲ್ಲಿ ಇಲ್ಲದ ಲಸಿಕೆಯನ್ನು ಇಲ್ಲಿ ಹಾಕಿಸಿಲ್ಲ ಅಂತಲೇ ಎಣಿಸುತ್ತಾರೆ. ದಡಾರಕ್ಕೆ ರಕ್ತ ಪರೀಕ್ಷೆ ಮಾಡಿಸಿ ರೋಗನಿರೋಧಕ ಶಕ್ತಿ ಇದೆ ಅಂತ ಡಾಕ್ಟರಿಂದ ಬರೆಸಿಕೊಳ್ಳಬಹುದು, ಇಲ್ಲ ಮತ್ತೆ ಹಾಕಿಸಬಹುದು. ಮೊದಲೇ ಆಗಿದ್ದವರಿಗೆ ಇನ್ನೊಂದು ಡೋಸ್ ಬಿದ್ದರೆ ತೊಂದರೆಯಿಲ್ಲ. ಅರ್ಧಕ್ಕೆ ನಿಂತಿದ್ದರೆ ಮೊದಲಿಂದ ಶುರು ಮಾಡುವುದಿಲ್ಲ, ನಿಂತಲ್ಲಿಂದಲೇ ಮುಂದುವರಿಸುತ್ತಾರೆ.

ಮಗುವಿನದ್ದು ಮುಗಿಸಿ ಬರುವಾಗ ನಿಮ್ಮದನ್ನೂ ಕೇಳಿ. ದೊಡ್ಡವರಿಗೆ ಇಲ್ಲಿ 10 ವರ್ಷಕ್ಕೊಮ್ಮೆ ಧನುರ್ವಾಯು ಮತ್ತು ಗಂಟಲಮಾರಿಯ ಬೂಸ್ಟರ್ ಇದೆ, ಖರ್ಚು ಆರೋಗ್ಯ ವಿಮೆಯದ್ದು.