ಬೋಟಿನ ಎಸಿ ತಂಪು ಕೊಡುತ್ತಿಲ್ಲವೇ? ಮೊದಲು ನೀರು ನೋಡಿ

ಎರಡು ವರ್ಷದ ಹಿಂದಿನ ಏಪ್ರಿಲ್. ಕಾರವಾರದ ಕೋಡಿಬಾಗದ ಹತ್ತಿರ, ಕಾಳಿ ನದಿಯಲ್ಲಿ ನಮ್ಮ ಕ್ಯಾಬಿನ್ ಬೋಟ್ ನಿಂತಿತ್ತು. ಕುರುಮಗಡ ದ್ವೀಪ ನೋಡಿ ಬಂದ ಕುಟುಂಬವೊಂದು ಒಳಗೆ ಕೂತಿತ್ತು. ಅಜ್ಜಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಎಸಿ ಓಡುತ್ತಿತ್ತು, ಬರುತ್ತಿದ್ದುದು ಮಾತ್ರ ಬಿಸಿ ಗಾಳಿ. ಹತ್ತು ನಿಮಿಷಕ್ಕೆ ಅದೂ ನಿಂತಿತು.

ಕರೆಸಿದ ಮೆಕ್ಯಾನಿಕ್ ಏನನ್ನೂ ಬಿಚ್ಚಿ ನೋಡದೆ ‘ಗ್ಯಾಸ್ ಹೋಗಿದೆ’ ಅಂದ. ಗ್ಯಾಸ್ ತುಂಬಿದ, ದುಡ್ಡು ತಗೊಂಡು ಹೋದ. ಮಾರನೇ ದಿನ ಮತ್ತೆ ಅದೇ ಪಾಡು. ಆಗ ಪಕ್ಕದ ಬೋಟ್ ನಡೆಸುವ ತಾಂಡೇಲರು ಕೇಳಿದರು, ‘ನೀರು ಬೀಳೋ ಸದ್ದೇ ಇಲ್ವಲ್ಲೋ ತಮ್ಮಾ?’

ಹೌದು, ಸದ್ದಿರಲಿಲ್ಲ. ತಳದ ಜಾಲರಿ ಬಿಚ್ಚಿದರೆ ಅದರ ಬಾಯಿಗೆ ಗುಟ್ಕಾ ಪ್ಯಾಕೆಟ್ಟಿನ ಚೂರೊಂದು ಅಂಗೈಯಷ್ಟು ಅಗಲಕ್ಕೆ ಅಂಟಿಕೊಂಡಿತ್ತು. ಅದನ್ನು ತೆಗೆದ ಮೇಲೆ ಕ್ಯಾಬಿನ್ ತಣ್ಣಗಾಯಿತು. ಅವತ್ತಿನಿಂದ ಈ ಕೆಲಸ ನಾನೇ ಮಾಡುತ್ತಿದ್ದೇನೆ. ಕೈಗೆ ಸ್ಕ್ರೂಡ್ರೈವರ್ ಹಿಡಿದು ಗೊತ್ತಿರುವ ಯಾರು ಬೇಕಾದರೂ ಮಾಡಬಹುದು.

ಮನೆ ಎಸಿಗೂ ಬೋಟ್ ಎಸಿಗೂ ಏನು ವ್ಯತ್ಯಾಸ?

ಮನೆಯ ಎಸಿ ಒಳಗಿನ ಶಾಖವನ್ನು ಹೊರಗಿನ ಗಾಳಿಗೆ ಬಿಡುತ್ತದೆ. ಗೋಡೆಯಾಚೆ ಫ್ಯಾನ್ ತಿರುಗುವ ಡಬ್ಬಿ ಇರುವುದು ಅದಕ್ಕೇ. ಬೋಟಿನ ಎಸಿ ಅದೇ ಶಾಖವನ್ನು ನೀರಿಗೆ ಬಿಡುತ್ತದೆ. ಬೋಟಿನ ತಳದಲ್ಲಿ ಒಂದು ತೂತು, ಅದಕ್ಕೊಂದು ವಾಲ್ವ್, ಆಮೇಲೆ ಕಸ ತಡೆಯುವ ಸ್ಟ್ರೇನರ್, ಆಮೇಲೆ ಪಂಪ್. ಪಂಪ್ ನೀರನ್ನು ಕಂಡೆನ್ಸರಿನ, ಅಂದರೆ ಎಸಿ ಶಾಖ ಹೊರಬಿಡುವ ಭಾಗದ, ಸುರುಳಿ ಕೊಳವೆಯೊಳಗೆ ದೂಡುತ್ತದೆ. ಶಾಖ ಹೀರಿದ ನೀರು ಬೋಟಿನ ಪಕ್ಕದಿಂದ ಹೊರಗೆ ಬೀಳುತ್ತದೆ. ಈ ಓಟ ಎಲ್ಲಿ ನಿಂತರೂ ಶಾಖ ಒಳಗೇ ಉಳಿಯುತ್ತದೆ, ಗ್ಯಾಸಿನ ಒತ್ತಡ ಏರುತ್ತದೆ, ಯಂತ್ರ ತನ್ನನ್ನು ಕಾಪಾಡಿಕೊಳ್ಳಲು ಬಂದ್ ಆಗುತ್ತದೆ. ಪರದೆಯಲ್ಲಿ ‘ಹೈ ಪ್ರೆಶರ್’ ಎಂದು ಬಂದರೆ ಗ್ಯಾಸಿನವನಿಗೆ ಫೋನ್ ಮಾಡುವ ಮೊದಲು ನೀರಿನ ದಾರಿ ನೋಡಿ. ನಮ್ಮ ಕರಾವಳಿಯಲ್ಲಂತೂ ಬೇಸಿಗೆಯ ಸಮುದ್ರದ ನೀರೇ 30 ಡಿಗ್ರಿಯ ಆಸುಪಾಸು ಇರುತ್ತದೆ. ಮೊದಲೇ ಬೆಚ್ಚಗಿರುವ ನೀರು ಕಡಿಮೆಯೂ ಬಂದರೆ ಎಸಿಗೆ ದಾರಿಯೇ ಇಲ್ಲ.

ಸ್ಟ್ರೇನರ್ ತೊಳೆಯುವುದು

ಮೊದಲು ಎಸಿ ಆಫ್ ಮಾಡಿ, ಅದರ ಬ್ರೇಕರ್ ಕೂಡ ಇಳಿಸಿ. ಆಮೇಲೆ ತಳದ ವಾಲ್ವ್ ಮುಚ್ಚಿ. ಈ ಎರಡನೆಯದನ್ನು ಮರೆಯಲೇಬೇಡಿ. ಸ್ಟ್ರೇನರ್ ನೀರಿನ ಮಟ್ಟಕ್ಕಿಂತ ಕೆಳಗಿರುತ್ತದೆ. ವಾಲ್ವ್ ಮುಚ್ಚದೆ ಮುಚ್ಚಳ ಬಿಚ್ಚಿದರೆ ನದಿಯೇ ಬೋಟಿನೊಳಗೆ ನುಗ್ಗುತ್ತದೆ. ಹಿಡಿ ಕೊಳವೆಗೆ ಅಡ್ಡಲಾಗಿದ್ದರೆ ಮುಚ್ಚಿದೆ ಎಂದರ್ಥ, ಕೊಳವೆಯ ಉದ್ದಕ್ಕಿದ್ದರೆ ತೆರೆದಿದೆ.

ಈಗ ಮುಚ್ಚಳವನ್ನು ಸ್ವಲ್ಪವೇ ಸಡಿಲಿಸಿ. ಒಂದಿಷ್ಟು ನೀರು ಬಂದು ನಿಂತರೆ ಸರಿ. ನಿಲ್ಲದೆ ಬರುತ್ತಲೇ ಇದ್ದರೆ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ. ಮುಚ್ಚಳ ಮತ್ತೆ ಬಿಗಿಮಾಡಿ, ಮೊದಲು ವಾಲ್ವ್ ರಿಪೇರಿ ಮಾಡಿಸಿ.

ಜಾಲರಿ ಹೊರಗೆ ತೆಗೆದು ಬೆಳಕಿಗೆ ಹಿಡಿದು ನೋಡಿ. ಮಳೆ ಶುರುವಾದಾಗ ಕಾಳಿ ಕೆಂಪಾಗಿ ಹರಿಯುತ್ತದೆ ಅಲ್ವಾ, ಆಗ ನುಣ್ಣನೆಯ ಕೆಸರು ಕೈಗೆ ಬೆಣ್ಣೆಯ ಹಾಗೆ ಸಿಗುತ್ತದೆ. ಮಳೆ ಕಳೆದ ಮೇಲೆ ನೋಡಿದರೆ ಸಾಸಿವೆ ಕಾಳಿನಷ್ಟು ನೀಲಿಕಲ್ಲಿನ (ಕಲ್ಲಿಗೆ ಅಂಟಿ ಬೆಳೆಯುವ ಚಿಪ್ಪುಜೀವಿ) ಮರಿಗಳು ಕಣ್ಣುಕಣ್ಣಿಗೂ ಅಂಟಿರುತ್ತವೆ. ಕೆಲವೊಮ್ಮೆ ಲೋಳೆಮೀನಿನ ತುಂಡು, ಬಲೆಯ ನೂಲು. ಹಳೆಯ ಹಲ್ಲುಜ್ಜುವ ಬ್ರಷ್ ಸಾಕು, ಒಳಗಿಂದ ಹೊರಕ್ಕೆ ಉಜ್ಜಿ. ಚಿಪ್ಪು ಬಿಡದಿದ್ದರೆ ಚಾಕುವಿನಿಂದ ಕೆರೆಯಬೇಡಿ, ಜಾಲರಿ ಹರಿಯುತ್ತದೆ. ರಾತ್ರಿಯಿಡೀ ವಿನೆಗರಿನಲ್ಲಿ ಮುಳುಗಿಸಿಟ್ಟರೆ ಬೆಳಿಗ್ಗೆ ಮೆತ್ತಗಾಗಿರುತ್ತದೆ.

ಮುಚ್ಚಳದ ರಬ್ಬರ್ ರಿಂಗ್ ಬಿರುಕು ಬಿಟ್ಟಿದ್ದರೆ ಬದಲಿಸಿ. ಇಲ್ಲವಾದರೆ ತೆಳ್ಳಗೆ ಸಿಲಿಕಾನ್ ಗ್ರೀಸ್ ಸವರಿ. ಎಂಜಿನ್ನಿನ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಹಾಳಾಗಬಹುದು. ರಿಂಗ್ ಸರಿಯಾಗಿ ಕೂರದಿದ್ದರೆ ನೀರು ಸೋರುವುದಷ್ಟೇ ಅಲ್ಲ, ಪಂಪ್ ಆ ಸಂದಿನಿಂದ ಗಾಳಿಯನ್ನೂ ಎಳೆದುಕೊಳ್ಳಬಹುದು.

ಪ್ರವಾಸದ ದಿನಗಳಲ್ಲಿ ನಾನು ವಾರಕ್ಕೊಮ್ಮೆ ಇದನ್ನು ಮಾಡುತ್ತೇನೆ. ಇನ್ನೊಂದು ಮಾತು. ಇಳಿತದ ಹೊತ್ತಲ್ಲಿ ದಡದ ಕೆಸರಿಗೆ ತಾಗಿ ಬೋಟ್ ನಿಂತಿದ್ದರೆ ಎಸಿ ಹಾಕಬೇಡಿ. ಪಂಪ್ ನೀರಿನ ಬದಲು ಕೆಸರು ಎಳೆಯುತ್ತದೆ. ಭರತ ಏರುವವರೆಗೆ ಕಿಟಕಿ ತೆರೆದಿಡಿ, ಅಷ್ಟೇ.

ಗಾಳಿ ಸಿಕ್ಕಿಕೊಂಡರೆ

ಜಾಲರಿ ತೊಳೆದಾಯಿತು, ವಾಲ್ವ್ ತೆರೆದಾಯಿತು, ಪಂಪ್ ಗುಂಯ್ ಎನ್ನುತ್ತಿದೆ, ನೀರು ಮಾತ್ರ ಬೀಳುತ್ತಿಲ್ಲ. ಗಾಬರಿ ಬೇಡ. ಈ ಪಂಪುಗಳಿಗೆ ಒಳಗಿನ ಗಾಳಿಯನ್ನು ತಾವೇ ಹೊರದೂಡಿ ನೀರು ಎಳೆಯುವ ಶಕ್ತಿ ಇಲ್ಲ. ನೀರು ತಾನಾಗಿ ಹರಿದು ಬಂದು ತುಂಬಬೇಕು. ಅದಕ್ಕೇ ಪಂಪನ್ನು ನೀರಿನ ಮಟ್ಟಕ್ಕಿಂತ ಕೆಳಗೆ ಕೂರಿಸುವುದು.

ಪಂಪ್ ಆಫ್ ಮಾಡಿ. ಅದರಿಂದ ಹೊರಡುವ ಪೈಪಿನ ಕ್ಲಾಂಪ್ ಸಡಿಲಿಸಿ, ಪೈಪನ್ನು ತುಸು ಅಲುಗಾಡಿಸಿ. ಬುಸ್ ಎಂದು ಗಾಳಿ ಹೋಗಿ ನೀರು ಬಂದ ಕೂಡಲೇ ಮತ್ತೆ ಬಿಗಿಮಾಡಿ. ಇಷ್ಟೇ ಮದ್ದು. ಪದೇ ಪದೇ ಹೀಗಾದರೆ ಪೈಪ್ ಹೋಗಿರುವ ದಾರಿ ನೋಡಿ. ತಳದಿಂದ ಎಸಿಯವರೆಗೆ ಅದು ಒಂದೇ ಸಮನೆ ಏರುತ್ತಾ ಹೋಗಬೇಕು. ನಡುವೆ ಎಲ್ಲಾದರೂ ಗೂನು ಬೆನ್ನಿನ ಹಾಗೆ ಎದ್ದು ಮತ್ತೆ ಇಳಿದಿದ್ದರೆ ಗಾಳಿ ಅಲ್ಲೇ ಕೂರುತ್ತದೆ.

ಬಕೆಟ್ ಲೆಕ್ಕ

ನೀರು ಬೀಳುತ್ತಿದೆ ಅಂದರೆ ಸಾಲದು, ಎಷ್ಟು ಬೀಳುತ್ತಿದೆ ಎಂದು ನೋಡಬೇಕು. 1 ಟನ್ ಎಸಿಗೆ ನಿಮಿಷಕ್ಕೆ ಸುಮಾರು 11 ಲೀಟರ್ ಬೇಕು. 10 ಲೀಟರ್ ಬಕೆಟ್ ಹಿಡಿದು ಮೊಬೈಲಿನಲ್ಲಿ ಸಮಯ ನೋಡಿ. ಒಂದು ನಿಮಿಷದೊಳಗೆ ತುಂಬಿದರೆ ಒಳ್ಳೆಯದು. ಒಂದೂವರೆ, ಎರಡು ನಿಮಿಷ ಹಿಡಿದರೆ ಎಲ್ಲೋ ಕಟ್ಟಿಕೊಂಡಿದೆ. ಬೀಳುವ ನೀರಿಗೆ ಕೈ ಒಡ್ಡಿ. ತುಸು ಬೆಚ್ಚಗಿದ್ದರೆ ಸರಿ, ಸ್ನಾನದ ನೀರಿನಷ್ಟು ಬಿಸಿಯಿದ್ದರೆ ನೀರು ಸಾಲುತ್ತಿಲ್ಲ.

ಸುರುಳಿಯ ಪೊರೆ ತೆಗೆಯುವುದು

ಬಚ್ಚಲ ಹಂಡೆಯೊಳಗೆ ವರ್ಷಗಟ್ಟಲೆ ಬಿಳಿ ಪೊರೆ ಕೂರುತ್ತದಲ್ಲ, ಕಂಡೆನ್ಸರಿನೊಳಗೂ ಹಾಗೆಯೇ ಸುಣ್ಣದ ಪೊರೆ ಕಟ್ಟುತ್ತದೆ. ಸ್ಟ್ರೇನರ್, ಪಂಪ್ ಎಲ್ಲ ಸರಿಯಿದ್ದೂ ತಂಪು ಕಡಿಮೆಯಾದರೆ ಇದೇ ಕಾರಣ ಇರಬಹುದು. ವರ್ಷಕ್ಕೊಮ್ಮೆ ತೆಗೆದರೆ ಒಳ್ಳೆಯದು.

ಬೇಕಾದದ್ದು ಒಂದು ಬಕೆಟ್, ಸಣ್ಣ ಮುಳುಗುವ ಪಂಪ್, ಎರಡು ತುಂಡು ಪೈಪ್, ಅರ್ಧ ಕಿಲೋ ಸಿಟ್ರಿಕ್ ಆಸಿಡ್, ರಬ್ಬರ್ ಗ್ಲೌಸ್, ಕನ್ನಡಕ. ಬ್ರೇಕರ್ ಇಳಿಸಿ, ತಳದ ವಾಲ್ವ್ ಮುಚ್ಚಿ, ಕಂಡೆನ್ಸರಿನ ಎರಡೂ ನೀರಿನ ಪೈಪು ಬಿಚ್ಚಿ. ಒಂದು ಕಡೆಗೆ ಬಕೆಟ್ಟಿನ ಪಂಪ್ ಸಿಕ್ಕಿಸಿ, ಇನ್ನೊಂದು ಕಡೆಯ ಪೈಪನ್ನು ಅದೇ ಬಕೆಟ್ಟಿಗೆ ಬಿಡಿ. 10 ಲೀಟರ್ ಸಿಹಿನೀರಿಗೆ ಆ ಪುಡಿ ಕರಗಿಸಿ ಓಡಿಸಿ. ಸುಣ್ಣವಿದ್ದರೆ ವಾಪಸ್ ಬರುವ ನೀರಿನಲ್ಲಿ ಸೋಡಾದ ಹಾಗೆ ಗುಳ್ಳೆ ಏಳುತ್ತದೆ. ಮೊದಲ ಸಲ ನೋಡಿದಾಗ ನನಗೆ ತುಂಬಾ ಖುಷಿಯಾಗಿತ್ತು. ಕಾಣದ ಕೊಳವೆಯೊಳಗೆ ಕೆಲಸ ನಡೆಯುವುದು ಕಣ್ಣಿಗೆ ಕಂಡಂತೆ! ಗುಳ್ಳೆ ನಿಂತರೆ ಕೆಲಸ ಮುಗಿಯಿತು. ಸಾಮಾನ್ಯವಾಗಿ ಒಂದು ಗಂಟೆ ಸಾಕು. ಆಮೇಲೆ ಎರಡು ಮೂರು ಬಕೆಟ್ ಸಿಹಿನೀರು ಓಡಿಸಿ ತೊಳೆಯಿರಿ.

ಕಕ್ಕಸು ತೊಳೆಯುವ ಆಸಿಡ್ ಹಾಕಿದರೆ ಬೇಗ ಆಗುತ್ತದೆ ಎಂದು ಹೇಳುವವರಿದ್ದಾರೆ. ಕೇಳಬೇಡಿ. ಅದು ಸುಣ್ಣದ ಜೊತೆ ಕೊಳವೆಯನ್ನೂ ತಿನ್ನುತ್ತದೆ. ಯಾವ ಆಸಿಡ್ಡಿಗೂ ಬ್ಲೀಚಿಂಗ್ ಪುಡಿ ಬೆರೆಸಲೇಬೇಡಿ, ಬರುವ ಕ್ಲೋರಿನ್ ಗಾಳಿ ಮುಚ್ಚಿದ ಕ್ಯಾಬಿನ್ನಿನಲ್ಲಿ ಜೀವ ತೆಗೆಯಬಹುದು. ಬಳಸಿದ ನೀರಿಗೆ ಅಡುಗೆ ಸೋಡಾ ಹಾಕಿ ಹುಳಿ ಮುರಿದು, ದಡಕ್ಕೆ ತಂದು ಚೆಲ್ಲಿ. ನದಿಗೆ ಬೇಡ. ನೀಲಿಕಲ್ಲು, ಬಳಚು ಆರಿಸಿ ಬದುಕುವವರು ಅದೇ ನೀರಿಗೆ ಇಳಿಯುತ್ತಾರೆ.

ಗಾಳಿಯ ಕಡೆ

ಇದು ಸುಲಭ. ಗಾಳಿ ಎಳೆಯುವ ಜಾಲಿಯ ಹಿಂದಿನ ಫಿಲ್ಟರ್ ತೆಗೆದು ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಅಡಿಯ ತಟ್ಟೆಯಲ್ಲಿ ನೀರು ನಿಂತು ಲೋಳೆ ಕಟ್ಟಿದ್ದರೆ ಒರೆಸಿ, ಹೊರಹೋಗುವ ಸಣ್ಣ ಪೈಪಿಗೆ ಊದಿ ನೋಡಿ. ಕ್ಯಾಬಿನ್ನಿನ ಮುಗ್ಗಲು ವಾಸನೆಗೆ ಹೆಚ್ಚಾಗಿ ಈ ತಟ್ಟೆಯೇ ಕಾರಣ. ಆ ಪೈಪಿನ ತುದಿ ಎಂಜಿನ್ ಅಥವಾ ಜನರೇಟರಿನ ಹತ್ತಿರ ಇರಲೇಬಾರದು. ಅಲ್ಲಿನ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಅದರ ಮೂಲಕ ಮಲಗುವ ಜಾಗಕ್ಕೆ ಬರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಾತ್ರಿ ಜನರೇಟರ್ ಮೇಲೆ ಎಸಿ ಹಾಕಿ ಮಲಗುವವರು ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದನ್ನು ಇಟ್ಟುಕೊಳ್ಳಲೇಬೇಕು.

ಎಲ್ಲ ಜೋಡಿಸಿ ಇಪ್ಪತ್ತು ನಿಮಿಷ ಓಡಿಸಿದ ಮೇಲೆ ಥರ್ಮಾಮೀಟರ್ ಹಿಡಿಯಿರಿ. ಒಳಗೆ ಎಳೆಯುವ ಗಾಳಿಗೂ ಹೊರಗೆ ಬರುವ ಗಾಳಿಗೂ 8ರಿಂದ 11 ಡಿಗ್ರಿ ವ್ಯತ್ಯಾಸವಿದ್ದರೆ ಎಸಿ ಆರೋಗ್ಯವಾಗಿದೆ. ನೀರು ಚೆನ್ನಾಗಿ ಬೀಳುತ್ತಿದ್ದೂ, ಫಿಲ್ಟರ್ ಚೊಕ್ಕವಿದ್ದೂ ವ್ಯತ್ಯಾಸ ಬರದಿದ್ದರೆ ಆಗ ಗ್ಯಾಸಿನ ಮಾತು. ಅದಕ್ಕೆ ನೀವು ಕೈ ಹಾಕಬೇಡಿ, ಸಲಕರಣೆ ಇರುವವರೇ ಬೇಕು. ವಿದ್ಯುತ್ ಡಬ್ಬಿಯ ಕೆಪಾಸಿಟರ್ ಕೂಡ ಮುಟ್ಟಬೇಡಿ, ಸ್ವಿಚ್ ಆಫ್ ಮಾಡಿದ ಮೇಲೂ ಅದರಲ್ಲಿ ಕರೆಂಟ್ ಉಳಿದಿರುತ್ತದೆ. ಮೆಕ್ಯಾನಿಕ್ ಬಂದಾಗ ನಿಮ್ಮ ಬಕೆಟ್ ಲೆಕ್ಕ, ಡಿಗ್ರಿ ಲೆಕ್ಕ ಎರಡನ್ನೂ ಹೇಳಿ. ಸುಮ್ನೆ ಗ್ಯಾಸ್ ತುಂಬಿ ಹೋಗುವುದು ಆಗ ಅಷ್ಟು ಸುಲಭವಲ್ಲ.

ಮಳೆಗಾಲಕ್ಕೆ

ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ, ನಮ್ಮ ಬೋಟೂ ದಡ ಹತ್ತುತ್ತದೆ. ಪೈಪಿನಲ್ಲಿ ಉಪ್ಪುನೀರು ಬಿಟ್ಟು ಹೋದರೆ ಅದರೊಳಗಿನ ಜೀವಿಗಳು ಸತ್ತು ಕೊಳೆತು ನಾರುತ್ತವೆ, ಚಿಪ್ಪು ಅಲ್ಲೇ ಉಳಿಯುತ್ತದೆ. ಸ್ಟ್ರೇನರಿನ ಕಡೆಯಿಂದ ಸಿಹಿನೀರು ಸುರಿದು ಪಂಪನ್ನು ಸ್ವಲ್ಪ ಹೊತ್ತು ಓಡಿಸಿ, ಆಮೇಲೆ ಎಲ್ಲ ಖಾಲಿ ಮಾಡಿ. ನಾನು ತಳದ ವಾಲ್ವ್ ಮುಚ್ಚಿ, ‘ವಾಲ್ವ್ ಮುಚ್ಚಿದೆ’ ಎಂದು ದಪ್ಪ ಅಕ್ಷರದಲ್ಲಿ ಬರೆದ ಚೀಟಿಯನ್ನು ಎಸಿಯ ಬ್ರೇಕರಿಗೆ ಅಂಟಿಸುತ್ತೇನೆ. ಆಗಸ್ಟಿನಲ್ಲಿ ಬೋಟ್ ನೀರಿಗಿಳಿಸಿದ ಮೇಲೆ ಮೊದಲು ವಾಲ್ವ್ ತೆರೆದು, ಸೋರಿಕೆ ಇಲ್ಲವೆಂದು ನೋಡಿ, ಆಮೇಲೆ ಚೀಟಿ ಕಿತ್ತು ಬ್ರೇಕರ್ ಏರಿಸುತ್ತೇನೆ. ಹೊರಗೆ ಹೋಗಿ ನೀರು ಬೀಳುವ ಸದ್ದು ಕೇಳಿದ ಮೇಲೆಯೇ ಕ್ಯಾಬಿನ್ ಬಾಗಿಲು ಮುಚ್ಚುವುದು.