ತುರಿಕೆ ಇಲ್ಲದ ಮಚ್ಚೆ, ಒಂದು ಬಾಲ್‌ಪೆನ್

ಶಿಡ್ಲಘಟ್ಟದ ಕಡೆ ರೇಷ್ಮೆ ರೀಲಿಂಗ್ ಮಾಡುವವರ ಕೈ ದಿನವಿಡೀ ಬಿಸಿನೀರಲ್ಲೇ ಇರುತ್ತದೆ, ಬೊಬ್ಬೆ ಎದ್ದರೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ "ಸುಟ್ಟಿದ್ದೇ ಗೊತ್ತಾಗಲಿಲ್ಲ" ಅಂದರೆ ಸುಮ್ನೆ ಬಿಡಬೇಡಿ, ಕುಷ್ಠರೋಗ ಇರಬಹುದು. ಮೈಮೇಲೆ ಮಚ್ಚೆ ಇದೆಯಾ ಅಂತ ಹಗಲು ಬೆಳಕಲ್ಲಿ ನೋಡಿ, ಬೆನ್ನನ್ನೂ ಬಿಡಬೇಡಿ.

ಕುಷ್ಠರೋಗದ ಮಚ್ಚೆ ಸುತ್ತಲಿನ ಚರ್ಮಕ್ಕಿಂತ ತಿಳಿಯಾಗಿ ಅಥವಾ ಕೆಂಪಗೆ ಇರುತ್ತದೆ. ಹಾಲಿನಂತೆ ಬೆಳ್ಳಗಿದ್ದರೆ ತೊನ್ನು ಇರಬಹುದು, ಅದರಲ್ಲಿ ಸ್ಪರ್ಶ ಹೋಗುವುದಿಲ್ಲ. ಹುಳುಕಡ್ಡಿ ಆದರೆ ತುರಿಕೆ ಜಾಸ್ತಿ.

ಈಗ ಪೆನ್ನು, ಮಚ್ಚೆಯಲ್ಲಿ ಸ್ಪರ್ಶ ಹೋಗಿದೆಯಾ ಅಂತ ನೋಡಲು. ಮೊದಲು ಅವರು ನೋಡುತ್ತಿರುವಾಗಲೇ ಚೆನ್ನಾಗಿರುವ ಚರ್ಮಕ್ಕೆ ತುದಿ ತಾಗಿಸಿ, ಏನು ಮಾಡುತ್ತೀರಿ ಅಂತ ಅರ್ಥ ಮಾಡಿಸಿ. ಆಮೇಲೆ ಕಣ್ಣು ಮುಚ್ಚಿಸಿ. ಹಗುರವಾಗಿ ಮುಟ್ಟಿ, ಒತ್ತಬೇಡಿ, ಎಳೆಯಬೇಡಿ. ಮುಟ್ಟಿದ ಜಾಗಕ್ಕೆ ಅವರೇ ಬೆರಳಿಡಬೇಕು. "ಗೊತ್ತಾಯ್ತಾ?" ಅಂತ ಕೇಳಿದರೆ ಕೆಟ್ಟಿತು, ಪಾಪ, ನಮ್ಮ ಜನ ಸಂಕೋಚಕ್ಕೆ ಪ್ರತಿ ಸಲವೂ ಹೂಂ ಅಂದುಬಿಡುತ್ತಾರೆ! ಮಚ್ಚೆಯ ಒಳಗೊಮ್ಮೆ, ಹೊರಗೊಮ್ಮೆ, ಲಯ ತಪ್ಪಿಸಿ ಮುಟ್ಟಿ. ಮುಖದ ಮಚ್ಚೆಯಲ್ಲಿ ಮಾತ್ರ ಸ್ಪರ್ಶ ಉಳಿದಿರಬಹುದು, ಅಲ್ಲಿ ನರಗಳು ಜಾಸ್ತಿ.

ನರ ನೋಡುವುದು ಕಲಿತವರ ಕೆಲಸ. ಮೊಣಕೈ ಮಡಚಿಸಿ, ಒಳಬದಿಯ ಗುಳಿಯಲ್ಲಿ ಬೆರಳು ಹೊರಳಿಸಿ, ಎರಡೂ ಕೈ ಹೋಲಿಸುತ್ತಾರೆ. ಒಂದು ಕಡೆ ಹಗ್ಗದಂತೆ ದಪ್ಪಗಿದ್ದರೆ, ಕಿರುಬೆರಳಿನ ಬಲ ಕುಗ್ಗಿದ್ದರೆ ಅನುಮಾನ ಗಟ್ಟಿ. ಕತ್ತಿನ ಪಕ್ಕ, ಮೊಣಕಾಲಿನ ಹೊರಬದಿಯ ಕೆಳಗೂ ಮುಟ್ಟಿ ನೋಡುತ್ತಾರೆ.

ಆಸ್ಪತ್ರೆಯಲ್ಲಿ ಕಿವಿಯ ಹಾಲೆಯನ್ನು ರಕ್ತ ಬಾರದಂತೆ ಹಿಂಡಿ, ಚಿಕ್ಕದಾಗಿ ಸೀಳಿ, ಕೆರೆದದ್ದನ್ನು ಗಾಜಿನ ಮೇಲೆ ಹಚ್ಚಿ, ಬಣ್ಣ ಹಾಕಿ ನೋಡುತ್ತಾರೆ. ಕಿವಿಯೇ ಯಾಕೆ ಅಂದರೆ ಈ ರೋಗಾಣುವಿಗೆ ಮೈಯ ತಂಪು ಜಾಗ ಇಷ್ಟ. ಇಲ್ಲೊಂದು ಎಚ್ಚರಿಕೆ: ಒಂದೆರಡೇ ಮಚ್ಚೆ ಇರುವವರಲ್ಲಿ ರೋಗಾಣು ಸಿಗದೇ ಹೋಗುವುದು ಮಾಮೂಲಿ. ರಿಪೋರ್ಟ್ ನೆಗೆಟಿವ್ ಬಂತು ಅಂತ ಮನೆಗೆ ಕಳಿಸಿದರೆ ತಪ್ಪು, ಸ್ಪರ್ಶ ಹೋಗಿರುವ ಮಚ್ಚೆಯೇ ಸಾಕಷ್ಟು ಸಾಕ್ಷಿ. ಅನುಮಾನ ಉಳಿದರೆ ಬಯಾಪ್ಸಿ, ಅಂದರೆ ಚರ್ಮದ ಚೂರು ತೆಗೆದು ನೋಡುವುದು ಇದೆ.

ಲೆಪ್ರೊಮಿನ್ (ಸತ್ತ ಕುಷ್ಠ ರೋಗಾಣುಗಳಿಂದ ಮಾಡಿದ ದ್ರವ) ಚುಚ್ಚಿ 3-4 ವಾರಕ್ಕೆ ಗಂಟು ಬಂತಾ ಅಂತ ನೋಡುವ ಪರೀಕ್ಷೆಯೂ ಉಂಟು. ಅದು ಹೇಳುವುದು ಮೈ ಈ ರೋಗಾಣುವಿನ ಜೊತೆ ಎಷ್ಟು ಹೋರಾಡಬಲ್ಲದು ಅಂತ, ರೋಗ ಇದೆಯೋ ಇಲ್ಲವೋ ಅಂತಲ್ಲ. ರಕ್ತದ ಆ್ಯಂಟಿಬಾಡಿ ಪರೀಕ್ಷೆಯೂ ಮಚ್ಚೆ ಕಡಿಮೆ ಇರುವವರಲ್ಲಿ ಹೆಚ್ಚಾಗಿ ಕೈಕೊಡುತ್ತದೆ.

ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಹೋಗುವಾಗ ಮನೆಯವರನ್ನೂ ಕರೆದುಕೊಂಡು ಹೋಗಿ, ಅವರ ಮೈಯನ್ನೂ ನೋಡಿಸಬೇಕು. ರೋಗಾಣು ಸೇರಿ ಮಚ್ಚೆ ಕಾಣಿಸಲು ಸರಾಸರಿ 5 ವರ್ಷ, ಒಮ್ಮೊಮ್ಮೆ 20 ವರ್ಷವೂ ಹಿಡಿಯುತ್ತದೆ.