ತೂಬಿನ ಹೆಸರು ಕೇಳುತ್ತಾ ನಮ್ಮೂರ ಚರಿತ್ರೆ ಬರೆದೆ

ನಮ್ಮದು ಹೊಳೆನರಸೀಪುರ ತಾಲ್ಲೂಕಿನ ಸಣ್ಣ ಊರು. ಊರಿನ ಪಕ್ಕದಲ್ಲೇ ಶ್ರೀರಾಮದೇವರ ಕಟ್ಟೆಯ ನಾಲೆ ಹರಿಯುತ್ತದೆ. ಗೊರೂರಿನಲ್ಲಿ ಹೇಮಾವತಿಗೆ ದೊಡ್ಡ ಅಣೆಕಟ್ಟು ಬರುವುದಕ್ಕೆ ಎಷ್ಟೋ ಮೊದಲಿನ ಕಟ್ಟೆ ಅದು. ನಮ್ಮ ಭತ್ತದ ಗದ್ದೆ ಬಯಲೆಲ್ಲ ಅದರ ನೀರಿನದೇ. ನಾಲೆಯಿಂದ ಗದ್ದೆಗೆ ನೀರು ಬಿಡುವ ಕಿಂಡಿಗೆ ತೂಬು ಅಂತೀವಿ.

ಊರಿನ ಚರಿತ್ರೆ ಬರೆಯಬೇಕೆಂದು ಹೊರಟಾಗ ಮೊದಲು ಶಾಸನ ಹುಡುಕಿದೆ. ಬಿ. ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಹಾಸನ ಜಿಲ್ಲೆಯದು ಐದನೇ ಸಂಪುಟ, 1902ರದು. ಶಾಸನಗಳನ್ನು ತಾಲ್ಲೂಕುವಾರು ಕೊಟ್ಟಿದ್ದಾರೆ, ಹುಡುಕುವುದು ಕಷ್ಟವಲ್ಲ. ನಮ್ಮೂರಿನದು ಒಂದೂ ಇರಲಿಲ್ಲ. ತುಂಬಾ ಬೇಜಾರಾಯಿತು.

ಆಮೇಲೆ ಹಿರಿಯರ ಹತ್ತಿರ ಹೋಗಿ "ಊರಿನ ಇತಿಹಾಸ ಹೇಳಿ" ಅಂದೆ. ಪಾಂಡವರು ಬಂದು ಒಂದು ರಾತ್ರಿ ತಂಗಿದ್ದರಂತೆ. ಎಲ್ಲರದೂ ಅದೇ ಕಥೆ. ತಪ್ಪು ಅವರದಲ್ಲ, ನಾನು ಕೇಳಿದ ಪ್ರಶ್ನೆಯದು. ದಾರಿ ತೋರಿಸಿದ್ದು ಹಿಂದೆ ನೀರುಗಂಟಿಯಾಗಿ ಗದ್ದೆಗಳಿಗೆ ನೀರು ಬಿಡುತ್ತಿದ್ದ ತಾತ. "ಇತಿಹಾಸ ನಂಗೇನ್ ಗೊತ್ತಪ್ಪ? ತೂಬಿನ ಹೆಸರು ಬೇಕಾದ್ರೆ ಹೇಳ್ತೀನಿ ಬಾ" ಅಂದರು.

ಎರಡು ದಿನ ಬೆಳಗಿನ ಹೊತ್ತು ನಾಲೆಯ ಏರಿ ಮೇಲೆ ನಡೆದೆವು. ಅಗಸರ ತೂಬು, ಹಿರೇಗದ್ದೆ ತೂಬು, ಆಲೆಮನೆ ತೂಬು. ಆಲೆಮನೆ ಎಲ್ಲಿತ್ತು ಅಂದರೆ ಅವರಿಗೂ ಗೊತ್ತಿಲ್ಲ, ಅವರ ಅಪ್ಪ ಹಾಗೆ ಕರೆಯುತ್ತಿದ್ದರಂತೆ ಅಷ್ಟೆ. ಪಕ್ಕದ ಗದ್ದೆ ಆಗಷ್ಟೇ ಉತ್ತಿದ್ದರು. ಇಳಿದು ನೋಡಿದೆ. ಒಂದು ಮೂಲೆಯಲ್ಲಿ ಮಾತ್ರ ಮಣ್ಣು ಕಪ್ಪಗಿತ್ತು. ಕೈಯಲ್ಲಿ ಕೆದಕಿದರೆ ಬೂದಿ ಹತ್ತಿದ ಇಟ್ಟಿಗೆ ಚೂರು ಸಿಕ್ಕವು. ಬೆಲ್ಲದ ಒಲೆ ಉರಿದ ಜಾಗ! ಆ ಸರ್ವೆ ನಂಬರಿನ ಹಳೇ ಪಹಣಿ ತೆಗೆಸಿದೆ. ಬೆಳೆ ಕಾಲಂನಲ್ಲಿ ಕಬ್ಬು ಅಂತ ಬರೆದಿತ್ತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ ನನಗೆ.

ಇಸವಿ ಹಿಡಿಯುವುದೇ ಜಾಸ್ತಿ ಕಷ್ಟ. ನಮ್ಮೂರಲ್ಲಿ ಯಾರೂ ಇಸವಿ ಹೇಳುವುದಿಲ್ಲ. "ಡ್ಯಾಮಿಗೆ ಮುಂಚೆ" ಅಂತಾರೆ, "ಶಾನುಭೋಗ್ರು ಇದ್ದಾಗ" ಅಂತಾರೆ. ಇವನ್ನೇ ಗೂಟ ಮಾಡಿಕೊಂಡೆ. ಗೊರೂರು ಅಣೆಕಟ್ಟು ಮುಗಿದದ್ದು 1979ರಲ್ಲಿ. ಊರಿನ ಲೆಕ್ಕ ಬರೆಯುವ, ವಂಶದಿಂದ ಬರುತ್ತಿದ್ದ ಶಾನುಭೋಗಿಕೆ ರದ್ದಾದದ್ದು 1963ರಲ್ಲಿ. ಯಾವ ಘಟನೆ ಇದರ ಹಿಂದೆ, ಯಾವುದು ಮುಂದೆ ಅಂತ ಕೇಳುತ್ತಾ ಹೋದರೆ ಐದಾರು ವರ್ಷದ ಅಂತರಕ್ಕೆ ಬಂದು ನಿಲ್ಲುತ್ತದೆ. ಆದರೆ ಒಬ್ಬರ ನೆನಪನ್ನೇ ನಂಬಬೇಡಿ. ನಾಲೆ ಒಡೆದ ವರ್ಷವನ್ನು ನಾನು ಹಾಗೇ ತಪ್ಪು ಬರೆದಿದ್ದೆ. ಇನ್ನೊಬ್ಬರು ಅದೇ ವರ್ಷ ನಡೆದ ಮಗಳ ಮದುವೆಯ ಲಗ್ನಪತ್ರಿಕೆ ತಂದು ತೋರಿಸಿದ ಮೇಲೆ ತಿದ್ದಿದೆ.

ಸರ್ವೆ ಇಲಾಖೆಯ ಗ್ರಾಮ ನಕ್ಷೆಯನ್ನು ದೊಡ್ಡದು ಮಾಡಿಸಿ, ತೂಬುಗಳನ್ನೆಲ್ಲ ಕೆಂಪು ಶಾಯಿಯಲ್ಲಿ ಗುರುತು ಹಾಕಿದೆ. ದೇವಸ್ಥಾನದ ಜಗುಲಿ ಮೇಲೆ ಹಾಸಿ, ಬರೆದದ್ದನ್ನು ಓದಿದಾಗ ಹಿಂದೆ ಕೂತಿದ್ದ ಅಜ್ಜಿಯೊಬ್ಬರು ಕೇಳಿದರು: "ಬಾಣಂತಿ ಬಟ್ಟೆ ಒಗೆಯೋ ಕಲ್ಲು ಎಲ್ಲಿ ಬರ್ದಿದ್ದೀಯ ಮಗಾ?"

ಬರೆದಿರಲಿಲ್ಲ. ಅಲ್ಲಿಯವರೆಗೆ ನಾನು ಮಾತಾಡಿಸಿದ್ದು ಬರೀ ಗಂಡಸರನ್ನು. ಅಜ್ಜಿಯೇ ಕರೆದುಕೊಂಡು ಹೋದರು. ಕೊನೇ ತೂಬಿನಿಂದ ಕೆಳಗೆ, ಕೆಸರಲ್ಲಿ ಅರ್ಧ ಹೂತ ಚಪ್ಪಡಿ. ನಡುವೆ ಒಗೆದು ಒಗೆದು ಹಳ್ಳ ಬಿದ್ದಿತ್ತು. ಅಜ್ಜಿ ಅಲ್ಲಿ ಯಾರ್‍ಯಾರು ಒಗೆಯುತ್ತಿದ್ದರು ಅಂತ ಒಂದೊಂದೇ ಹೆಸರು ಹೇಳಿದರು. ನಾನು ಏರಿ ಮೇಲೆ ಕೂತು ಬರೆದುಕೊಂಡೆ.